ಪಾರಕ್ಕನ ತಲೆಯೊಳಗಿನ ಕೆಮಿಕಲ್

ಹೋದ ವಾರ ಬೀದರಿನಿಂದ, ಊರಾಚೆ ಕಾರ್ಖಾನೆಗಳಿರುವ ಕೊಳಾರದ ಕಡೆಗೆ ಟಂಟಂನಲ್ಲಿ ಹೊರಟಿದ್ದೆ. ಟಂಟಂ ಅಂದರೆ ಮೂವರು ಕೂರುವ ಆಟೋದಲ್ಲಿ ಎಂಟು ಜನರನ್ನು ತುಂಬುವ ನಮ್ಮ ಕಡೆಯ ಏರ್ಪಾಟು. ನನ್ನ ಒಂದು ಕಾಲು ಒಳಗಿತ್ತು, ಇನ್ನೊಂದು ಯಾರ ಚೀಲದ ಮೇಲಿತ್ತೋ ದೇವರಿಗೇ ಗೊತ್ತು. ಕಾರ್ಖಾನೆಗಳು ಹತ್ತಿರವಾಗುತ್ತಿದ್ದಂತೆ ಗಾಳಿ ತಿರುಗಿ ಆ ವಾಸನೆ ಬಂತು. ಸುಟ್ಟ ರಬ್ಬರಿನದೂ ಅಲ್ಲ, ಔಷಧದ್ದೂ ಅಲ್ಲ, ಎರಡೂ ಸೇರಿ ಹುಳಿತಂಥದ್ದು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಗುರುತು ಪರಿಚಯ ಏನೂ ಇಲ್ಲದಿದ್ದರೂ ನನಗೇ ಹೇಳಿದಳು: "ಈ ಕೆಮಿಕಲ್ ತಲಿಗಿ ಏರ್ತದ್ರಿ. ನಮ್ಮ ಓಣ್ಯಾಗ ಒಬ್ಬಾಕಿಗಿ ಏರಿ ಮಾತೇ ಬಂದ್ ಆಗ್ಯಾವ."

ನನಗೆ ಸಿಟ್ಟು ಬಂತು. ಗುರುತಿಲ್ಲದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುವ ಬುದ್ಧಿ ನನಗೆ ಅರವತ್ತೆರಡನೆಯ ವಯಸ್ಸಿಗೂ ಬಂದಿಲ್ಲ. "ವಾಸನಿಯಿಂದ ತಲಿನೋವು ಬರಬಹುದವ್ವ, ಮಾತು ಬಂದ್ ಆಗ್ಲಿಕ್ಕಿ ಬ್ಯಾರೆ ಕಾರಣ ಇರ್ತಾವ," ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಕೆಮಿಕಲ್‌ದಾಗ ಕೆಲಸ ಮಾಡ್ತೀರೇನ್ರಿ?" ಅಂತ ಕೇಳಿದಳು. ಇಲ್ಲ ಅಂದೆ. "ಮತ್ತ?" ಅಂದು ಆಚೆ ತಿರುಗಿ ಕೂತಳು. ಭಾಲ್ಕಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನ್ನನ್ನು ಆ ಒಂದು "ಮತ್ತ?" ಫೇಲು ಮಾಡಿತು.

ನೀವು ಈ ಕಡೆಯವರಲ್ಲದಿದ್ದರೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಕೆಮಿಕಲ್ ಅನ್ನುವುದು ವಿಜ್ಞಾನದ ಶಬ್ದವೇ ಅಲ್ಲ, ಅದೊಂದು ಜಾಗ. "ನಿಮ್ಮ ಹುಡುಗ ಎಲ್ಲಿ ಹೋಗ್ತಾನ್ರಿ?" ಅಂದರೆ "ಕೆಮಿಕಲ್‌ಗಿ ಹೋಗ್ತಾನ್ರಿ" ಅನ್ನುತ್ತಾರೆ. ಕೊಳಾರದ ಯಾವ ಕಾರ್ಖಾನೆಯಾದರೂ ಸರಿ, ಅಲ್ಲಿ ಗುಳಿಗೆ ತಯಾರಾಗಲಿ, ಪೈಪು ತಯಾರಾಗಲಿ, ಬಿಸ್ಕೀಟು ತಯಾರಾಗಲಿ, ಕೆಮಿಕಲ್ಲೇ. ಮೂವತ್ತು ವರ್ಷ ಹಲಗೆಯ ಮೇಲೆ ನೀರು ಕೂಡ ಒಂದು ರಾಸಾಯನಿಕ ಅಂತ ಬರೆದು ಬರೆದು ಕೈ ಸೋತಿತು. ಮಕ್ಕಳು ಬರೆದುಕೊಂಡು ಅಂಕ ತಗೊಂಡು ಮನೆಗೆ ಹೋಗಿ ಕೆಮಿಕಲ್ ಅಂದರೆ ಕೊಳಾರ ಅಂತಲೇ ನಂಬಿದರು. ಇರಲಿ. ಈ ಶಬ್ದದ ಕೈಗೆ ನನ್ನ ಅಕ್ಕನನ್ನು ಕೊಟ್ಟವಳು ನಾನೇ, ಆದ್ದರಿಂದ ಮಕ್ಕಳನ್ನು ಬೈಯುವ ಹಕ್ಕು ನನಗಿಲ್ಲ.

ಅಕ್ಕನ ಹೆಸರು ಪಾರ್ವತಿ, ನಮಗೆ ಪಾರಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮ ತವರು ಭಾಲ್ಕಿ ತಾಲೂಕಿನ ಮೆಹಕರ. ಅಲ್ಲಿ ಅಂಗಳದಲ್ಲಿ ನಿಂತು ಆಕೆ ನಕ್ಕರೆ ಹೊಲದಲ್ಲಿದ್ದ ಅಪ್ಪ "ಪಾರಿ ನಗಲಿಕ್ಕತ್ಯಾಳ, ಊಟದ ಹೊತ್ತಾತು" ಅನ್ನುತ್ತಿದ್ದ. ಅಂಥ ದನಿ. ಆಕೆಯನ್ನು ಔರಾದ್ ತಾಲೂಕಿನ ಚಿಂತಾಕಿಗೆ ಕೊಟ್ಟರು. ಕುರಿ ಸಾಕುವ ಮನೆತನ, ಜೊತೆಗೆ ಒಂದಷ್ಟು ಒಣಭೂಮಿ. ಗಂಡ ಮಾರುತಿ, ನಾವೆಲ್ಲ ಮಾಮಾ ಅನ್ನುತ್ತೇವೆ. ಈ ಪ್ರಸಂಗದಲ್ಲಿ ಮಾಮಾನನ್ನು ಕೆಟ್ಟವನನ್ನಾಗಿ ಮಾಡಿಬಿಟ್ಟರೆ ನನಗೆ ಎಷ್ಟು ಅನುಕೂಲ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆತ ಕೆಟ್ಟವನಲ್ಲ. ಹೆಂಡತಿಗೆ ನೆಗಡಿ ಬಂದರೆ ತಾನು ಊಟ ಬಿಡುವಂಥ ಮನುಷ್ಯ. ತಲೆ ಕೆಡಿಸುವುದು ಇಂಥ ಒಳ್ಳೆಯವರೇ, ಕೆಟ್ಟವರ ಜೊತೆ ಜಗಳಾಡಿಯಾದರೂ ಹಗುರಾಗಬಹುದು.

ಇಪ್ಪತ್ತು ವರ್ಷದ ಮೇಲಾಯಿತು. ಎರಡು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟವು. ಮಾಂಜರಾ ನದಿಯಲ್ಲಿ ಚಪ್ಪಲಿ ಒದ್ದೆಯಾಗದೆ ಆಚೆ ದಂಡೆಗೆ ಹೋಗಿಬರಬಹುದಿತ್ತು. ಚಿಂತಾಕಿಯಲ್ಲಿ ಓಣಿಗೆ ಓಣಿಯೇ ಬೀಗ ಹಾಕಿಕೊಂಡಿತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ಪಾರಕ್ಕನ ಅತ್ತೆ ಮಾಳಮ್ಮ ಕಿರಿ ಮಗನನ್ನು ಕರಕೊಂಡು, ಹಿಂಡು ಹೊಡಕೊಂಡು, ಹುಲ್ಲು ಹುಡುಕುತ್ತಾ ತೆಲಂಗಾಣದ ಕಡೆ ಹೋದಳು. ಮಾಮಾ ಮತ್ತು ಪಾರಕ್ಕ ಬೀದರಿಗೆ ಬಂದು ಕೊಳಾರದ ಹತ್ತಿರ ಒಂದು ಕೋಣೆ ಹಿಡಿದರು. ಮಾಮಾ ಗೋದಾಮಿನಲ್ಲಿ ಚೀಲ ಎತ್ತುವ ಕೆಲಸಕ್ಕೆ ಹೋದ. ಪಾರಕ್ಕ ಗುಳಿಗೆ ಪ್ಯಾಕ್ ಮಾಡುವ ಕಡೆ ಸೇರಿದಳು.

ಆ ಕೆಲಸ ಆಕೆಗೆ ಎಷ್ಟು ಹಿಡಿಸಿತ್ತು ಅಂದರೆ, ರವಿವಾರ ನಾನು ಹೋದರೆ ಅದರದ್ದೇ ಮಾತು. ಬೆಲ್ಟಿನ ಮೇಲೆ ಗುಳಿಗೆಯ ಪಟ್ಟಿಗಳು ಒಂದರ ಹಿಂದೊಂದು ಓಡಿಬರುತ್ತವೆ. ಯಾವ ಪಟ್ಟಿಯಲ್ಲಿ ಒಂದು ಗುಳಿ ಖಾಲಿ ಇದೆಯೋ ಅದನ್ನು ಕಣ್ಣಲ್ಲೇ ಹಿಡಿದು ಎತ್ತಿ ಆಚೆ ಹಾಕಬೇಕು. "ಮಷೀನಿಗಿಂತ ನನ್ನ ಕಣ್ಣು ಚಲೋ ಅವ ಅಂತ ಸಾಹೇಬ್ರು ಅಂದ್ರು," ಅನ್ನುತ್ತಿದ್ದಳು. ಬಿಳಿ ಟೊಪ್ಪಿಗೆ, ಬಾಯಿಗೆ ಬಟ್ಟೆ, ಕೈಗೆ ಗವಸು ಹಾಕಿಕೊಂಡು ಕೆಲಸ ಮಾಡುವುದನ್ನು ನನಗೆ ಅಭಿನಯಿಸಿ ತೋರಿಸುತ್ತಿದ್ದಳು. ಅಲ್ಲಿ ವಾಸನೆಯೇ ಇರಲಿಲ್ಲವಂತೆ. ಅಷ್ಟು ಸ್ವಚ್ಛ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ನಮ್ಮ ಅವ್ವ ತೀರಿಕೊಂಡಳು. ಬೆಳಗಿನ ಹೊತ್ತು, ಮೆಹಕರದಲ್ಲಿ. ಕೊಳಾರದ ಒಂದು ಕಿರಾಣಿ ಅಂಗಡಿಗೆ ಫೋನು ಮಾಡಿದೆವು. ಅಂಗಡಿಯವ ಹೋಗಿ ಹೇಳಿ, ಕಾರ್ಖಾನೆಯಿಂದ ಪಾರಕ್ಕ ಹೊರಬಂದು, ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಬರುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು. ಯಾಕೆ ಕಾಯಲಿಲ್ಲ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಪಾರಕ್ಕ ಬಂದಳು, ಮಣ್ಣಿನ ಗುಡ್ಡೆಯ ಮುಂದೆ ನಿಂತಳು, ಅಳಲಿಲ್ಲ. "ಬಂದವರು ಊಟ ಮಾಡ್ಯಾರೇನು?" ಅಂತ ಕೇಳಿದಳು. ಮೂರನೆಯ ದಿನ ಮತ್ತೆ ಬೆಲ್ಟಿನ ಮುಂದೆ ನಿಂತಿದ್ದಳು. ಊರೆಲ್ಲ "ಗಟ್ಟಿ ಹೆಣ್ಣು" ಅಂತ ಹೊಗಳಿತು. ನಾನೂ ಹೊಗಳಿದೆ.

ಮೂರನೆಯ ವರ್ಷ ಮಳೆ ಬಂತು. ಬಂತು ಅಂದರೆ ಸಾಕು ಸಾಕು ಅನ್ನುವಷ್ಟು ಬಂತು. ಚಿಂತಾಕಿಯ ಬೀಗಗಳು ಒಂದೊಂದೇ ತೆರೆದವು. ಹಿಂಡು ವಾಪಸು ಬಂತು. ಮಾಮಾ ಗೋದಾಮಿನಲ್ಲಿ ಹಾಡು ಗುನುಗುತ್ತಾ ಚೀಲ ಎತ್ತುತ್ತಿದ್ದ. ಸರಿಯಾಗಿ ಆಗ, ಎಲ್ಲವೂ ಸುಧಾರಿಸಿತು ಅನ್ನುವ ಹೊತ್ತಿಗೆ, ಪಾರಕ್ಕ ಕುಸಿದಳು.

ಮೊದಲು ನಗು ಹೋಯಿತು, ಆಮೇಲೆ ಮಾತು ಹೋಯಿತು. ತಲೆ ಬಾಚುವುದು ಬಿಟ್ಟಳು. ತಟ್ಟೆ ಮುಂದಿಟ್ಟುಕೊಂಡು ಕೈಯನ್ನು ಅನ್ನದಲ್ಲೇ ಇಟ್ಟು ಕೂತಿರುತ್ತಿದ್ದಳು. ಬೆಲ್ಟಿನ ಮೇಲೆ ಖಾಲಿ ಪಟ್ಟಿಗಳು ಕಣ್ಣಮುಂದೆಯೇ ದಾಟಿಹೋಗತೊಡಗಿದವು. ಕಾರ್ಖಾನೆಯವರು ಎರಡು ವಾರ ನೋಡಿ, "ಆರಾಮ ಮಾಡ್ಕೊಂಡು ಬಾ ತಾಯಿ, ನಿನ್ನ ಜಾಗ ಇರ್ತದ" ಅಂತ ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ನಾನು ಹೋದಾಗ ಗೋಡೆ ನೋಡುತ್ತಾ ಹೇಳಿದಳು: "ತಂಗಿ, ಕಣ್ಣು ಮುಚ್ಚಿದ್ರ ಮತ್ತ ತೆರೀಬಾರದು ಅನಸ್ತದ." ಅಕ್ಕನನ್ನು ಕಳಕೊಳ್ಳುತ್ತೇನೆ ಅನ್ನುವ ಭಯ ಆ ದಿನ ಹತ್ತಿದ್ದು ಎಷ್ಟೋ ತಿಂಗಳು ಇಳಿಯಲಿಲ್ಲ.

ಜನ ನೋಡಲು ಬಂದರು. ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ನಿನಗೇನ ಕಮ್ಮಿ ಆಗೇದ?" ಈ ಪ್ರಶ್ನೆಯನ್ನು ಕಾನೂನು ಮಾಡಿ ನಿಲ್ಲಿಸಬೇಕು. ಇದನ್ನು ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ, ತಾವೇ ಲೆಕ್ಕ ಒಪ್ಪಿಸುತ್ತಾರೆ. ಗಂಡ ಇದ್ದಾನ, ಕೆಲಸ ಅದ, ಮಳಿ ಬಂದದ, ಕುರಿ ಬಂದಾವ, ಮತ್ತೇನ ಕಮ್ಮಿ? ಚಹಾ ಕುಡಿದು, "ಮನಸ್ಸು ಗಟ್ಟಿ ಮಾಡ್ಕೋ" ಅಂತ ಬುದ್ಧಿ ಹೇಳಿ ಹೊರಡುತ್ತಾರೆ. ಚಹಾ ಮಾಡುತ್ತಿದ್ದವಳು ಪಾರಕ್ಕ. ಏಳಲಿಕ್ಕೂ ಆಗದವಳು ಎದ್ದು ಎಂಟು ಕಪ್ಪು ಚಹಾ ಮಾಡಿ ಕೊಟ್ಟು, "ನಿನಗೇನ ಕಮ್ಮಿ" ಅಂತ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಆ ಕಪ್ಪುಗಳನ್ನೆಲ್ಲ ಎತ್ತಿ ಹೊರಗೆ ಎಸೆಯಬೇಕು ಅನಿಸುತ್ತಿತ್ತು.

ಕೊನೆಗೆ ನಾನೇ ಹಟ ಹಿಡಿದು ಬೀದರಿನ ದವಾಖಾನೆಗೆ ಕರೆದೊಯ್ದೆ. ಮನೋರೋಗದ ಡಾಕ್ಟರು ಮೈಸೂರಿನ ಕಡೆಯವರು, ಹೊಸದಾಗಿ ಬಂದವರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಪಾರಕ್ಕನನ್ನು ಕೇಳಿದ ಪ್ರಶ್ನೆಗಳಿಗೆ ಆಕೆ ತಲೆ ಅಲ್ಲಾಡಿಸಿದಳು ಅಷ್ಟೆ. ಆಮೇಲೆ ಡಾಕ್ಟರು ನಮ್ಮ ಕಡೆ ತಿರುಗಿ ಹೀಗೆ ಹೇಳಿದರು. ಶಬ್ದಶಃ ನೆನಪಿದೆ, ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

"ಇದು ಖಿನ್ನತೆ. ಮೆದುಳಿನ ಕೆಲವು ರಾಸಾಯನಿಕಗಳಲ್ಲಿ ವ್ಯತ್ಯಾಸ ಆಗಿರುತ್ತೆ. ಮಾತ್ರೆ ಕೊಡ್ತೀನಿ, ಕೆಲಸ ಮಾಡೋಕೆ ಎರಡು ಮೂರು ವಾರ ಬೇಕು, ನಡುವೆ ನಿಲ್ಲಿಸಬಾರದು. ಆದರೆ ರಾಸಾಯನಿಕ ಒಂದೇ ಅಲ್ಲ. ಮೇಲಿಂದ ಮೇಲೆ ಬಿದ್ದ ಕಷ್ಟ, ಊರು ಬಿಟ್ಟಿದ್ದು, ಅಳದೇ ಉಳಿದ ದುಃಖ, ಇವೂ ಒಳಗಿನ ರಾಸಾಯನಿಕವನ್ನ ಬದಲಾಯಿಸ್ತವೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸೋಕಾಗಲ್ಲ. ಅದಕ್ಕೇ ಇವರು ಮಾತ್ರೆಯನ್ನೂ ತಗೋಬೇಕು, ಮಾತನ್ನೂ ಆಡಬೇಕು. ಇವರಿಗೆ ಈ ಎರಡು ವರ್ಷದಲ್ಲಿ ಏನೇನಾಯ್ತು, ಹೇಳ್ತೀರಾ?"

"ವಿಶೇಷ ಏನಿಲ್ಲ ಸರ್," ಅಂದೆ. "ಬರಗಾಲ ಎಲ್ಲರಿಗೂ ಇತ್ತಲ್ಲ."

ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿ ಚೀಟಿ ಬರೆಯತೊಡಗಿದರು. ಮಾಮಾ ನನ್ನ ತೋಳು ತಿವಿದು ಕೇಳಿದ: "ಇವರದು ರೇಡಿಯೋದ ಮಾತು ಇದ್ದಂಗ ಅದ. ಏನಂದ್ರು?" ಕನ್ನಡವನ್ನು ಕನ್ನಡಕ್ಕೆ ಅನುವಾದಿಸುವ ಭಾಗ್ಯ ನನ್ನದಾಯಿತು. ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ ಹೇಳಿದೆ: "ತಲ್ಯಾಗ ಕೆಮಿಕಲ್ ಹೆಚ್ಚುಕಮ್ಮಿ ಆಗೇದಂತ. ಗುಳಿಗಿ ತಗೋಬೇಕಂತ." ಇಷ್ಟೇ. ಅರ್ಧಕ್ಕೆ ನಿಲ್ಲಿಸಿದೆ. ಉಳಿದರ್ಧ ಯಾಕೆ ನುಂಗಿದೆ ಅನ್ನುವುದನ್ನೂ ಆಮೇಲೆ ಹೇಳುತ್ತೇನೆ, ನನಗೇನೂ ಅವಸರವಿಲ್ಲ.

ದವಾಖಾನೆಯ ಗೇಟು ದಾಟಿದ ಮೇಲೆ ಮಾಮಾ ನಿಂತು, "ನನಗ ಮೊದಲೇ ಗೊತ್ತಿತ್ತು," ಅಂದ.

"ಏನು?"

"ಕೆಮಿಕಲ್. ನೋಡು, ಬರ ಇದ್ದಾಗ ಈಕಿಗಿ ಏನೂ ಆಗಲಿಲ್ಲ. ನಿಮ್ಮವ್ವ ಸತ್ತಾಗ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ದುಃಖದಿಂದ ಬರೋದಿದ್ರ ದುಃಖ ಇದ್ದಾಗ ಬರಬೇಕಿತ್ತು, ಹೌದಲ್ಲ? ಈಗ ಎಲ್ಲಾ ಚಲೋ ಅದ. ಅಂದ್ರ ದುಃಖ ಅಲ್ಲ. ಕಂಪನಿಯೊಳಗಿನ ಕೆಮಿಕಲ್ ಹಗರಕ ಹಗರಕ ತಲಿಗಿ ಏರೇದ."

ನೋಡಿ, ತರ್ಕ ಎಷ್ಟು ಚೊಕ್ಕ. ನನ್ನ ಹತ್ತನೆಯ ತರಗತಿಯ ಯಾವ ಮಗುವೂ ಇಷ್ಟು ಅಚ್ಚುಕಟ್ಟಾಗಿ ಒಂದು ತಪ್ಪನ್ನು ಸಾಧಿಸಿ ತೋರಿಸಿರಲಿಲ್ಲ. ನಾನು "ಹಂಗಲ್ಲ ಮಾಮಾ, ಇದು ತಲಿ ತಾನೇ ತಯಾರು ಮಾಡೋ ಕೆಮಿಕಲ್" ಅಂದೆ. "ತಲ್ಯಾಗೇನು ಫ್ಯಾಕ್ಟರಿ ಅದ?" ಅಂದ. ಹೌದು ಅಂದರೆ ನನಗೇ ಹುಚ್ಚು ಹಿಡಿದಿದೆ ಅನ್ನುತ್ತಿದ್ದ.

ವಾರದೊಳಗೆ ಪಾರಕ್ಕನನ್ನು ಕೆಲಸದಿಂದ ಬಿಡಿಸಿ ಚಿಂತಾಕಿಗೆ ಕರೆದೊಯ್ದ. ಕಾರ್ಖಾನೆಯವರು ಇಟ್ಟುಕೊಂಡಿದ್ದ ಜಾಗ ಬೇರೆಯವರಿಗೆ ಹೋಯಿತು. ಒಳಗೆ ಏರಿದ್ದನ್ನು ಇಳಿಸಲು ಮಜ್ಜಿಗೆ, ಹುಣಸೆನೀರು, ನಿಂಬೆಹಣ್ಣು ಶುರುವಾದವು. ಗುಳಿಗೆ ಮಾತ್ರ ಬಂದ್. "ಗುಳಿಗಿನೂ ಕೆಮಿಕಲ್ಲೇ ಅಲ್ಲೇನು? ಅದೇ ಕೊಳಾರದಾಗೇ ತಯಾರಾಗ್ತದ. ಒಂದು ಕೆಮಿಕಲ್ ಇಳಸ್ಲಿಕ್ಕಿ ಇನ್ನೊಂದು ಕೆಮಿಕಲ್ ಹಾಕೋದಾ?" ಅಂತ ಮಾಮಾ ಪಟ್ಟಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ. ಇದೆಲ್ಲ ಪ್ರೀತಿಯಿಂದಲೇ ಮಾಡಿದ. ಮಜ್ಜಿಗೆಯನ್ನು ತಾನೇ ಕಡೆದು, ತಾನೇ ಕುಡಿಸುತ್ತಿದ್ದ.

ಒಂದು ತಿಂಗಳಿಗೆ ಸುದ್ದಿ ಬಂತು. ಪಾರಕ್ಕ ಮಜ್ಜಿಗೆಯನ್ನೂ ಬಿಟ್ಟಿದ್ದಾಳೆ, ಎದ್ದು ಕೂರುತ್ತಿಲ್ಲ ಅಂತ. ನಾನು ಶಾಲೆಗೆ ರಜೆ ಹಾಕಿ, ಔರಾದಿನ ಬಸ್ಸು ಹಿಡಿದು, ಅಲ್ಲಿಂದ ಟೆಂಪೋ ಹತ್ತಿ ಚಿಂತಾಕಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ತಯಾರಿ ಮಾಡಿಕೊಂಡೆ. ಚೀಲದಲ್ಲಿ ಸೀಮೆಸುಣ್ಣ ಇತ್ತು. ಹೌದು, ಸೀಮೆಸುಣ್ಣ ಒಯ್ದಿದ್ದೆ, ನಗಬೇಡಿ. ಮನುಷ್ಯರಿಗೆ ವಿಷಯ ತಿಳಿಯದಿರುವುದೇ ಜಗತ್ತಿನ ಎಲ್ಲ ತೊಂದರೆಗೂ ಕಾರಣ, ಚಿತ್ರ ಬರೆದು ತೋರಿಸಿದರೆ ಸಾಕು ಅಂತ ಆಗ ನಂಬಿದ್ದೆ.

ಪಾರಕ್ಕ ಪಡಸಾಲೆಯ ಮೂಲೆಯಲ್ಲಿ ಮಲಗಿದ್ದಳು. ಕೈ ಹಿಡಿದರೆ ಎಲುಬು ಸಿಕ್ಕಿತು. ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದಳು. ನನಗೆ ಅಳು ಬಂತು. ಅಳು ಬಂದರೆ ನಾನು ಪಾಠ ಮಾಡುತ್ತೇನೆ, ಅದೊಂದು ಚಟ. ಮಣ್ಣಿನ ಗೋಡೆಯ ಮೇಲೆ ಎರಡು ನರಕೋಶ ಬರೆದೆ. ನಡುವೆ ಸಂದಿ ಬಿಟ್ಟೆ. ಸಂದಿಯಲ್ಲಿ ಚುಕ್ಕಿ ಚುಕ್ಕಿ ಹಾಕಿ, ಇವೇ ರಾಸಾಯನಿಕಗಳು, ಇಲ್ಲಿಂದ ಅಲ್ಲಿಗೆ ಸುದ್ದಿ ಒಯ್ಯುತ್ತವೆ ಅಂದೆ. ನೋಡಲು ಬಂದ ನೆರೆಯಾಕೆ ಬಹಳ ಗಮನವಿಟ್ಟು ನೋಡಿ, "ಬದನಿಕಾಯಿ ಅಲ್ಲೇನ್ರಿ?" ಅಂದಳು. ಮಾಮಾ ಚಿತ್ರ ನೋಡಿದ, ನನ್ನನ್ನು ನೋಡಿದ. "ಇಷ್ಟು ಸಣ್ಣ ಸಂದ್ಯಾಗ ಹೊರಗಿನದು ಹೊಕ್ಕಿಲ್ಲ ಅಂತ ಹ್ಯಾಂಗ ಹೇಳ್ತಿ?" ಅಂದ. ನಾನು ಸೀಮೆಸುಣ್ಣ ಎಸೆದೆ. ದನಿ ಏರಿತು. ನೀನು ನನ್ನ ಅಕ್ಕನನ್ನು ಕೊಲ್ಲುತ್ತಿದ್ದೀ ಅಂದೆ. ಮಾಮಾನ ಮುಖ ಬೆಳ್ಳಗಾಯಿತು. "ನಾ? ನಾ ಏನ ಮಾಡೇನಿ?" ಅಂದ, ಕಣ್ಣಲ್ಲಿ ನೀರು ತುಂಬಿ. ಬೈದ ನಾನೇ ತಲೆ ತಗ್ಗಿಸುವ ಹಾಗಾಯಿತು.

ಆಗ ಮಾತಾಡಿದವಳು ಮಾಳಮ್ಮ. ಅಷ್ಟು ಹೊತ್ತೂ ಬಾಗಿಲಲ್ಲಿ ಕೂತು ಒಂದು ಬಡಕಲು ಕುರಿಗೆ ಕೈಯಿಂದ ಜೋಳದ ಒಣಸೊಪ್ಪೆ ತಿನ್ನಿಸುತ್ತಿದ್ದಳು. ಹೊರಗೆ ಮೊಣಕಾಲುದ್ದ ಹಸಿ ಹುಲ್ಲಿತ್ತು, ಈಕೆ ಒಣಸೊಪ್ಪೆ ತಿನ್ನಿಸುತ್ತಿದ್ದಾಳಲ್ಲ ಅಂತ ನನಗೆ ಅದರ ಮೇಲೂ ಸಿಟ್ಟು ಬಂದಿತ್ತು. ಆಕೆ ತಿರುಗದೆಯೇ ಕೇಳಿದಳು:

"ಮಾರುತಿ, ಬರದಾಗ ನಮ್ಮ ಕುರಿ ಎಷ್ಟು ಸತ್ತುವು?"

"ಮೂರೋ ನಾಕೋ."

"ಮಳಿ ಬಂದ ಮ್ಯಾಲ?"

ಮಾಮಾ ಹೊರಗಿನ ಹುಲ್ಲಿನ ಕಡೆ ನೋಡಿದ.

"ಹೇಳು. ನೀ ಬೀದರದಾಗಿದ್ದಿ, ಆದ್ರ ನಿನಗ ಗೊತ್ತದ. ಹದಿನಾಲ್ಕು. ಎರಡು ವರ್ಷ ಒಣ ಕಡ್ಡಿ ತಿಂದು ಬದುಕಿದ್ವು. ಹಸರು ಬಂತು, ಹೊಟ್ಟಿ ತುಂಬ ತಿಂದ್ವು, ನಿಂತಲ್ಲೇ ಬಿದ್ವು. ಹುಲ್ಲಿನ್ಯಾಗ ವಿಷ ಇತ್ತೇನು? ಇಲ್ಲ. ಕುರಿ ಸೊಕ್ಕಿದ್ವೇನು? ಇಲ್ಲ. ಬರ ಅವುಗಳ ಹೊಟ್ಟಿ ಒಳಗ ಹೊಕ್ಕಿತ್ತು. ಹೊರಗಿಂದು ಮುಗೀತು, ಒಳಗಿಂದು ಮುಗೀಲಿಲ್ಲ. ನಿನ್ನ ಹೆಂಡ್ತಿಗಿ 'ಮಳಿ ಬಂತು, ಈಗ್ಯಾಕ' ಅಂತ ಕೇಳ್ತಿಯಲ್ಲ. ಕುರಿಗಿ ಕೇಳಿದ್ದೇನು?"

"ಅದಕ್ಕ ಸೂಜಿ ಹಾಕಸ್ತೇವಲ್ಲ," ಅಂದ ಮಾಮಾ, ಸಣ್ಣ ದನಿಯಲ್ಲಿ.

"ಹಾಕಸ್ತಿ. ಹೆಗಲ ಮ್ಯಾಲ ಹೊತ್ಕೊಂಡು ಔರಾದದ ತನಕ ಹೋಗಿ ಹಾಕಸ್ತಿ. ಆ ಸೂಜ್ಯಾಗ ಏನದ, ಗಂಗಾ ನೀರು ಅದ? ಅದೂ ಕೆಮಿಕಲ್ಲೇ. ಕುರಿಗಿ ಸೂಜಿ, ಹೆಂಡ್ತಿ ಗುಳಿಗಿ ಪೆಟ್ಟಿಗ್ಯಾಗ. ಮತ್ತ ಸೂಜಿ ಹಾಕಸಿ ಬಿಟ್ಟುಬಿಡ್ತೇವೇನು? ನೆಳ್ಳಿಗಿ ಕಟ್ತೇವಿ, ಕೈಲೆ ತಿನಸ್ತೇವಿ, ದಿನಾ ಮೈ ಮ್ಯಾಲ ಕೈ ಆಡಸ್ತೇವಿ, ಹಗರಕ ಹಸರಿಗಿ ಬಿಡ್ತೇವಿ. ಎರಡೂ ಬೇಕು. ಕೀಲಿ ತಾ."

ಮಾಮಾ ಕೀಲಿ ಕೊಟ್ಟ. ಸೊಸೆಯನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ತನ್ನ ಎದೆ ಆನಿಸಿಕೊಂಡು, ಮಾಳಮ್ಮ ಗುಳಿಗೆ ನುಂಗಿಸಿದಳು. ಏನಾಗಿದೆ ಅಂತ ಕೇಳಲಿಲ್ಲ. ಏನು ಕಮ್ಮಿ ಅಂತಲೂ ಕೇಳಲಿಲ್ಲ. ನಾನು ಗೋಡೆಯ ಮೇಲಿನ ಬದನೆಕಾಯಿಗಳನ್ನು ಸೆರಗಿನಿಂದ ಒರೆಸಿದೆ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯ ಬಾಯಲ್ಲಿ ಡಾಕ್ಟರು ಹೇಳಿದ ಉಳಿದರ್ಧ ಪೂರ್ತಿಯಾಗಿ ಬಂದಿತ್ತು, ನಾನು ನುಂಗಿದ ಅರ್ಧ. ನನಗೆ ನಾಚಿಕೆಯಾಯಿತು, ಮಾಳಮ್ಮನ ಮೇಲೆ ಸ್ವಲ್ಪ ಸಿಟ್ಟೂ ಬಂತು. ಸುಳ್ಳು ಯಾಕೆ ಹೇಳಲಿ.

ಮರುವಾರ ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಬೈಯಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದರು. ಪಾರಕ್ಕ ಒಮ್ಮೆಲೇ ಎದ್ದು ನಗಲಿಲ್ಲ. ಒಂದು ವಾರ ಊಟ, ಇನ್ನೊಂದು ವಾರ ಸ್ನಾನ, ನಡುವೆ ಎರಡು ಹೆಜ್ಜೆ ಹಿಂದೆ, ಹೀಗೆ ವರ್ಷ ಹಿಡಿಯಿತು. ಮುಂದಿನ ಬೇಸಿಗೆಗೆ ತಾನೇ ಮಾಮಾನಿಗೆ ಹೇಳಿದಳಂತೆ, "ನಾ ಕಂಪನಿಗಿ ಹೋಗ್ತೇನಿ," ಅಂತ. ಮಾಮಾ ಬೇಡ ಅನ್ನಲಿಲ್ಲ. ಬೇರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯಾಗುವ ತನಕ ಖಾಲಿ ಗುಳಿ ಹಿಡಿದಳು. ಇಬ್ಬರೂ ಈಗ ಕೊಳಾರದ ಹತ್ತಿರವೇ ಸಣ್ಣ ಮನೆ ಮಾಡಿಕೊಂಡಿದ್ದಾರೆ.

ಈಗ ತಪ್ಪಿಸಿಕೊಳ್ಳುತ್ತಿದ್ದ ಜಾಗಕ್ಕೆ ಬರುತ್ತೇನೆ.

ಇಷ್ಟು ವರ್ಷ ಈ ಕತೆಯನ್ನು ಶಿಕ್ಷಕರ ಕೋಣೆಯಲ್ಲಿ, ಮದುವೆ ಮನೆಗಳಲ್ಲಿ ನೂರು ಸಲ ಹೇಳಿದ್ದೇನೆ. ಪ್ರತಿಸಲವೂ ನಗೆಪಾಟಲಾದವನು ಮಾಮಾ. ಮಜ್ಜಿಗೆ ಕುಡಿಸಿ ಕೆಮಿಕಲ್ ಇಳಿಸಿದವ. ಜನ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಇಂಥ ಬೇನೆ ಮನೆಗೆ ಬಂದಾಗ, ಇದು ಕೆಮಿಕಲ್ಲೋ ಕಷ್ಟವೋ ಅಂತ ನಾವು ಜಗಳಾಡುತ್ತೇವಲ್ಲ, ಆ ಜಗಳ ಬೇನೆಯ ಬಗ್ಗೆ ಇರುವುದೇ ಇಲ್ಲ. ಯಾವುದನ್ನು ಒಪ್ಪಿದರೆ ನನ್ನ ತಲೆಯ ಮೇಲಿನ ತಪ್ಪು ಇಳಿಯುತ್ತದೆ ಅಂತ ಒಬ್ಬೊಬ್ಬರೂ ನೋಡಿಕೊಳ್ಳುತ್ತೇವೆ. ಊರು ಬಿಡಿಸಿ ಹೆಂಡತಿಯನ್ನು ಕಾರ್ಖಾನೆಗೆ ಹಚ್ಚಿದೆ ಅಂತ ಮಾಮಾನಿಗೆ ಒಳಗೊಳಗೇ ಕೊರಗಿತ್ತು. ಹೊರಗಿನ ಕೆಮಿಕಲ್ ಏರಿದೆ ಅಂದರೆ ಅದನ್ನು ಇಳಿಸಬಹುದು, ಮಜ್ಜಿಗೆ ಕಡೆದು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು. ನನಗೆ ತಲೆಯೊಳಗಿನ ಕೆಮಿಕಲ್ ಬೇಕಾಗಿತ್ತು. ತಲೆಯೊಳಗಿನದಕ್ಕೆ ಯಾರೂ ಹೊಣೆಯಲ್ಲ.

ಅವ್ವ ತೀರಿಕೊಂಡ ದಿನ ಹಿರಿಯರು ಪಾರಕ್ಕನಿಗಾಗಿ ಕಾಯೋಣ ಅಂದಿದ್ದರು. ಹೊತ್ತು ಮುಳುಗುವ ಮೊದಲು ಮಾಡಿದರಾಯಿತು ಅಂದಿದ್ದರು. ಬೇಡ ಅಂದವಳು ನಾನು. ಇಷ್ಟು ಬಿಸಿಲಿನಲ್ಲಿ ದೇಹ ಕೆಡುತ್ತದೆ ಅಂತ ವಿಜ್ಞಾನ ಹೇಳಿದೆ. ಟೀಚರಮ್ಮನ ಮಾತನ್ನು ಯಾರು ತೆಗೆದುಹಾಕುತ್ತಾರೆ? ನಿಜವಾದ ಕಾರಣ, ಮರುದಿನ ನಾನು ಪರೀಕ್ಷೆಯ ಪೇಪರು ತಿದ್ದಲು ಹೋಗಬೇಕಿತ್ತು, ಸಂಜೆಯ ಬಸ್ಸು ತಪ್ಪುತ್ತಿತ್ತು. ಅಷ್ಟೇ. ಅಷ್ಟು ಸಣ್ಣದು. ಮಣ್ಣು ಮುಗಿದು ಒಂದು ತಾಸಿಗೆ ಪಾರಕ್ಕ ಬಂದಳು. ಡಾಕ್ಟರು "ಏನೇನಾಯ್ತು ಹೇಳ್ತೀರಾ" ಅಂದಾಗ ನನ್ನ ನಾಲಿಗೆ "ವಿಶೇಷ ಏನಿಲ್ಲ" ಅಂದದ್ದು ಅದಕ್ಕೆ.

ಹೋದ ವಾರ ಟಂಟಂ ಇಳಿದು ಅಕ್ಕನ ಮನೆಗೆ ಹೋದೆ. ಮಾಮಾ ಸಂತೆಗೆ ಹೋಗಿದ್ದ. ಪಾರಕ್ಕ ಹೊಸ್ತಿಲಲ್ಲಿ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ದಾರಿಯ ಹೆಣ್ಣುಮಗಳ ಮಾತು ಹೇಳಿ, ಈ ಜನಕ್ಕೆ ಬುದ್ಧಿ ಯಾವಾಗ ಬರುತ್ತದೋ ಅಂತ ಬೈಯಲು ಶುರು ಮಾಡಿದೆ. ಬೈಯುತ್ತಾ ಬೈಯುತ್ತಾ ನನ್ನ ದನಿ ನನಗೇ ಹೇಸಿಗೆ ಅನಿಸಿತು. ನಿಲ್ಲಿಸಿದೆ. ಪಾರಕ್ಕ "ಯಾಕ ನಿಂದರಿಸಿದಿ, ಬೈ ಬೈ," ಅಂದಳು.

"ಅಕ್ಕಾ, ಆ ದಿನ ದವಾಖಾನ್ಯಾಗ ಡಾಕ್ಟರ್ ಹೇಳಿದ್ದು ನಾ ಮಾಮಾಗ ಪೂರ್ತಿ ಹೇಳಲಿಲ್ಲ," ಅಂದೆ.

"ಗೊತ್ತದ," ಅಂದಳು, ಸೊಪ್ಪು ಬಿಡಿಸುತ್ತಲೇ. "ನಾ ಅಲ್ಲೇ ಕುಂತಿದ್ದೆನಲ್ಲ."

ನೋಡಿ, ಇಪ್ಪತ್ತು ವರ್ಷದಲ್ಲಿ ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಡಾಕ್ಟರು, ನಾನು, ಮಾಮಾ, ಮೂವರ ನಡುವೆ ಕುರ್ಚಿಯ ಮೇಲೆ ಆಕೆ ಇದ್ದಳು.

"ಮಾತಾಡ್ಲಿಕ್ಕಿ ಬರ್ತಿದ್ದಿಲ್ಲ, ಕಿವಿ ಇದ್ವಲ್ಲ. 'ಏನೇನಾಯ್ತು' ಅಂತ ಕೇಳಿದ್ರು. ನೀ 'ವಿಶೇಷ ಏನಿಲ್ಲ ಸರ್' ಅಂದಿ." ನನ್ನ ತರಗತಿಯ ದನಿಯನ್ನೇ ಅಭಿನಯಿಸಿದಳು, ತದ್ರೂಪ.

"ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ದಿ?"

"ನೀನೇ ಹೇಳ್ತಿ ಅಂತ ಕಾದೆ," ಅಂದಳು.

ಹೇಳಿದೆ. ಹಿರಿಯರು ಕಾಯೋಣ ಅಂದದ್ದು, ನಾನು ಬೇಡ ಅಂದದ್ದು, ಬಿಸಿಲು, ಬಸ್ಸು, ಪೇಪರು, ಒಂದನ್ನೂ ಬಿಡದೆ. ವಿವರಣೆ ಕೊಡಲಿಲ್ಲ. "ನಿನ್ನ ಕಾಯಬೇಕಿತ್ತು ಅಕ್ಕಾ," ಅಂದೆ. ಪಾರಕ್ಕನ ಕೈ ನಿಂತಿತು. ಸೊಪ್ಪನ್ನು ಮೊರಕ್ಕೆ ಹಾಕಿ, ಮೊರವನ್ನು ಪಕ್ಕಕ್ಕೆ ಸರಿಸಿ, ಅಳಲು ಶುರು ಮಾಡಿದಳು. ದೊಡ್ಡ ದನಿ ತೆಗೆದು, "ಅವ್ವಾ" ಅಂತ ಕೂಗಿ ಅತ್ತಳು. ಓಣಿಯ ಎರಡು ಬಾಗಿಲು ತೆರೆದವು. ಜನ ನೋಡುತ್ತಾರೆ ಅಂತ ನಾನು ಆಕೆಯನ್ನು ಒಳಗೆ ಕರೆದೊಯ್ಯಲು ಎದ್ದೆ. ಆಕೆ ಅಳುತ್ತಲೇ ನನ್ನ ಕೈ ಹಿಡಿದು ಜಗ್ಗಿದಳು. ನಾನು ಪಕ್ಕದಲ್ಲಿ ಕೂತೆ.